ತುರಿಸುವ ಕಾಯಿಯೊಳಗೊಂದು ಟಿಕೆಟ್

ನಸುಗುನ್ನಿ ಗೊತ್ತಲ್ಲ? ಬೇಲಿ ಮೇಲೆ ಹಬ್ಬುವ ಬಳ್ಳಿ. ಕಾಯಿಯ ತುಂಬ ಕಂದು ಸುಂಕು. ತಾಗಿತೋ, ಮುಗಿಯಿತು! ಮೈ ಪರಪರ ಕೆರೆದುಕೊಳ್ಳಬೇಕು.

ಅದರ ಬೀಜ ಕೊಚ್ಚಿಯ ಪಾಲಾರಿವಟ್ಟಂನ ಮದ್ದಿನಂಗಡಿಯಲ್ಲಿ ಪುಡಿಯಾಗಿ ಕೂತಿತ್ತು. ಮಲಯಾಳದಲ್ಲಿ ‘ನಾಯ್ಕುರಣ’. ಗಂಡಸರ ಶಕ್ತಿಗೆ ಅಂತ ಮಾರುತ್ತಾರೆ. ಹೆದರುತ್ತಲೇ ಬೆರಳಿಗೆ ಹಚ್ಚಿಕೊಂಡೆ. ತುರಿಕೆಯೇ ಇಲ್ಲ! ಸುಂಕು ಸಿಪ್ಪೆಯ ಹೊರಗಷ್ಟೆ. ಬೀಜದೊಳಗಿರುವುದೇ ಬೇರೆ.

ಏನಿರಬಹುದು? ಊಹಿಸಿ!

ಎಲ್-ಡೋಪಾ! ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಯಲ್ಲಿರುವ ಅದೇ ಅಮೈನೊ ಆಮ್ಲ! 1937ರಲ್ಲೇ ಮದರಾಸಿನಲ್ಲಿ ದಾಮೋದರನ್, ರಾಮಸ್ವಾಮಿ ಎಂಬ ವಿಜ್ಞಾನಿಗಳು ಇದನ್ನು ಈ ಬೀಜದಿಂದ ಬೇರ್ಪಡಿಸಿದ್ದರು. ಅದು ಯಾವ ಕಾಯಿಲೆಗೆ ಮದ್ದೆಂದು ಆಗ ಯಾರಿಗೂ ಗೊತ್ತಿರಲಿಲ್ಲ!

ಗೊತ್ತಾಗಿದ್ದು ಹೇಗೆ? ಮೊಲಗಳಿಂದ! 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿದ್ ಕಾರ್ಲ್‌ಸನ್ ಅವಕ್ಕೆ ರಿಸರ್ಪೀನ್ ಕೊಟ್ಟರು. ಅದೂ ನಮ್ಮ ಸರ್ಪಗಂಧಿಯ ಸತ್ವವೇ! ಮೊಲಗಳು ಕಿವಿ ಜೋತು ಬಿದ್ದುಕೊಂಡವು. ಡೋಪಾ ಚುಚ್ಚಿದರು. ಕಿವಿ ನಿಮಿರಿತು! ಎದ್ದು ಓಡಾಡಿದವು! ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್.

ಪಾರ್ಕಿನ್ಸನ್ ರೋಗಿಯ ಮಿದುಳಿಗೆ ಬೇಕಾದದ್ದು ಡೋಪಮೀನ್ ಎಂಬ ರಾಸಾಯನಿಕ. ಹಾಗಾದರೆ ಅದನ್ನೇ ನುಂಗಬಾರದೇ? ಆಗದು! ಪಾಲಾರಿವಟ್ಟಂ ಮೆಟ್ರೊ ನಿಲ್ದಾಣದ ಗೇಟು ನೆನೆಯಿರಿ. ಮಿದುಳಿಗೂ ಅಂಥದೊಂದು ಗೇಟಿದೆ. ಡೋಪಮೀನ್ ಬಳಿ ಟಿಕೆಟ್ಟಿಲ್ಲ, ಹೊರಗೇ ನಿಲ್ಲುತ್ತದೆ. ಎಲ್-ಡೋಪಾ ಅಮೈನೊ ಆಮ್ಲವಲ್ಲವೇ, ಗೇಟು ತೆರೆಯುತ್ತದೆ! ಒಳಗೆ ಹೋಗಿ ಡೋಪಮೀನ್ ಆಗುತ್ತದೆ. ಎಂಥ ವೇಷ!

2004ರಲ್ಲಿ ಲಂಡನ್ನಿನ ವೈದ್ಯರು 8 ರೋಗಿಗಳಿಗೆ 30 ಗ್ರಾಂ ಬೀಜದ ಪುಡಿ ಕೊಟ್ಟು ನೋಡಿದರು. ಮಾತ್ರೆ ಕೆಲಸ ಶುರುಮಾಡಲು ಸುಮಾರು 68 ನಿಮಿಷ. ಪುಡಿಗೆ? ಸುಮಾರು 34! ಅರ್ಧಕ್ಕರ್ಧ! ಎಂಟೇ ಜನ ನಿಜ, ಆದರೂ ನನಗೆ ರೋಮಾಂಚನ.

ತಾಳಿ, ಚಮಚ ಎತ್ತಬೇಡಿ! ಡೋಪಾ ಮಿದುಳು ಸೇರುವ ಮುಂಚೆಯೇ ಡೋಪಮೀನ್ ಆಗಿಬಿಟ್ಟರೆ ವಾಂತಿ ಬರುತ್ತದೆ, ಬಿಪಿ ಇಳಿಯುತ್ತದೆ. ಇದನ್ನು ತಡೆಯಲು ಮಾತ್ರೆಯಲ್ಲಿ ಕಾರ್ಬಿಡೋಪಾ ಎಂಬ ಕಾವಲುಗಾರನಿದ್ದಾನೆ. ಪುಡಿಯಲ್ಲಿ ಇಲ್ಲ! ಮಾತ್ರೆ ನುಂಗುವವರು ಮೇಲಿಂದ ಪುಡಿಯನ್ನೂ ತಿಂದರೆ ಡೋಪಾ ವಿಪರೀತವಾಗಿ ಕೈಕಾಲು ತಾವಾಗಿಯೇ ಕುಣಿಯಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ತಿರುವನಂತಪುರದ ಶ್ರೀಚಿತ್ರ ಸಂಸ್ಥೆಯಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆಗಳಿಗೆಂದೇ ಕೇಂದ್ರವಿದೆ. ಪುಡಿಯ ವಿಷಯವನ್ನು ಬಲ್ಲ ವೈದ್ಯರ ಬಳಿಯೇ ಕೇಳಬೇಕು.

ಇನ್ನೊಂದು ತೊಡಕು: ಬೇಳೆ, ಮೀನಿನ ಅಮೈನೊ ಆಮ್ಲಗಳೂ ಅದೇ ಗೇಟಿಗೇ ನುಗ್ಗುತ್ತವೆ. ನೂಕುನುಗ್ಗಲು! ಡೋಪಾ ಹಿಂದೆ ಬೀಳುತ್ತದೆ.

ಒಂದು ಚಮಚದಲ್ಲಿ ಡೋಪಾ ಎಷ್ಟು ಎಂದು ಅಂಗಡಿಯವರನ್ನು ಕೇಳಿದೆ. ಪೊಟ್ಟಣ ಹಿಂದೆ ಮುಂದೆ ತಿರುಗಿಸಿದರು. ಬರೆದಿರಲಿಲ್ಲ.

“ಹಾಲಲ್ಲಿ ಕಲಸಿ ಕುಡಿಯಿರಿ,” ಎಂದರು.

ಹಾಲಲ್ಲಿ! ಗೇಟಿಗೆ ಇನ್ನೊಂದು ಗುಂಪು!