ಪ್ರಾಥಮಿಕ ಶಾಲೆಗಳಿಗೆ ವಿಶೇಷ ಶಿಕ್ಷಕರ ಹಂಚಿಕೆ: ಅನುಪಾತ, ಪ್ರಮಾಣಪತ್ರ ಮತ್ತು ದೂರ

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣವನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಹಕ್ಕು ಮತ್ತು ಧೋರಣೆಗಳ ನೆಲೆಯಲ್ಲಿ ನಡೆದುಬಂದಿದೆ. ಮಗುವನ್ನು ಊರಿನ ಶಾಲೆಗೇ ಸೇರಿಸಬೇಕೆಂಬುದು ಈಗ ಬಹುತೇಕ ಒಪ್ಪಿತವಾದ ಮಾತು. ಸೇರಿಸಿಕೊಂಡ ಮೇಲೆ ಏಳುವ ಪ್ರಶ್ನೆ ಬೇರೆ ಬಗೆಯದು. ತರಬೇತಿ ಪಡೆದ ಕೆಲವೇ ವಿಶೇಷ ಶಿಕ್ಷಕರ ಬೋಧನಾ ಸಮಯವನ್ನು ಯಾವ ಶಾಲೆಗೆ, ಯಾವ ಆಧಾರದ ಮೇಲೆ ಹಂಚಬೇಕು? ಮೇಲ್ನೋಟಕ್ಕೆ ಇದು ಕಚೇರಿಯ ಲೆಕ್ಕಾಚಾರವೆನಿಸಬಹುದು. ಆದರೆ ಒಂದು ಮಗು ಅಕ್ಷರ ಕಲಿಯುವುದೇ, ಹಾಜರಿ ಪುಸ್ತಕದಲ್ಲಿ ಹೆಸರಾಗಿ ಮಾತ್ರ ಉಳಿಯುವುದೇ ಎಂಬುದು ಅನೇಕ ವೇಳೆ ಈ ಲೆಕ್ಕದಲ್ಲಿಯೇ ನಿರ್ಧಾರವಾಗುತ್ತದೆ.

ಮೈಸೂರಿನಲ್ಲಿ 1901ರಲ್ಲಿ ಆರಂಭವಾದ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯಂತಹ ವಿಶೇಷ ಶಾಲೆಗಳಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಅಲ್ಲಿ ಮಕ್ಕಳು ಶಿಕ್ಷಕರಿದ್ದಲ್ಲಿಗೆ ಬರುತ್ತಿದ್ದರು. ಕೇಂದ್ರ ಸರ್ಕಾರ 1974ರಲ್ಲಿ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದ ನಂತರ ಕ್ರಮ ತಿರುಗುಮುರುಗಾಯಿತು. ಶಿಕ್ಷಕನೇ ಮಗುವಿದ್ದಲ್ಲಿಗೆ ಹೋಗಬೇಕಾಯಿತು. ಹೀಗಿದ್ದರೂ ಎಂಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಆ ಯೋಜನೆಯ ಪ್ರಮಾಣವು ಮಕ್ಕಳು ಒಂದೆಡೆ ಕೂಡಿರುವ ಶಾಲೆಯ ಕಲ್ಪನೆಯನ್ನೇ ಮುಂದುವರಿಸಿತು. ಸರ್ವೋಚ್ಚ ನ್ಯಾಯಾಲಯವು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ನೀಡಿದ ತೀರ್ಪಿನಲ್ಲಿ ಪ್ರಾಥಮಿಕ ಹಂತಕ್ಕೆ ಹತ್ತು ಮಕ್ಕಳಿಗೊಬ್ಬ, ಮುಂದಿನ ಹಂತಗಳಿಗೆ ಹದಿನೈದು ಮಕ್ಕಳಿಗೊಬ್ಬ ಶಿಕ್ಷಕನೆಂದು ಗೊತ್ತುಪಡಿಸಿತು. ಗುತ್ತಿಗೆಯ ನೇಮಕಾತಿಯನ್ನೇ ನೆಚ್ಚಿಕೊಂಡಿದ್ದ ವ್ಯವಸ್ಥೆಯಲ್ಲಿ ಕಾಯಂ ಹುದ್ದೆಗಳ ಸೃಷ್ಟಿಗೆ ಈ ತೀರ್ಪು ದಾರಿ ಮಾಡಿತೆಂಬುದನ್ನು ಒಪ್ಪಬೇಕು. ನಿಯೋಜಿತ ಶಿಕ್ಷಕರನ್ನು ಸಮೂಹ ಶಾಲೆಗಳ ನಡುವೆ ಸಂಚಾರಿ ಶಿಕ್ಷಕರಾಗಿ ಬಳಸಿಕೊಳ್ಳುವ ಅವಕಾಶವನ್ನೂ ಅದು ಸೂಚಿಸಿದೆ. ಹಂಚಿಕೆಯ ನಿಜವಾದ ಸಮಸ್ಯೆ ಇರುವುದು ಈ ಸಂಚಾರದಲ್ಲಿ.

ಉದಾಹರಣೆಗೆ, ಹನ್ನೊಂದು ಕಿರಿಯ ಪ್ರಾಥಮಿಕ ಶಾಲೆಗಳ ಒಂದು ಕ್ಲಸ್ಟರನ್ನು ಊಹಿಸಿಕೊಳ್ಳೋಣ. ಅಲ್ಲಿ ಒಟ್ಟು ಹದಿನೆಂಟು ವಿಶೇಷ ಅಗತ್ಯವುಳ್ಳ ಮಕ್ಕಳಿದ್ದಾರೆ; ಒಂದು ಶಾಲೆಯಲ್ಲಿ ನಾಲ್ವರು, ಕೆಲವೆಡೆ ಇಬ್ಬರು, ಉಳಿದೆಡೆ ಒಬ್ಬೊಬ್ಬರು. ಅನುಪಾತದಂತೆ ಇಬ್ಬರು ಶಿಕ್ಷಕರು ದೊರೆತರೆನ್ನೋಣ. ಒಬ್ಬರಿಗೆ ಐದು, ಮತ್ತೊಬ್ಬರಿಗೆ ಆರು ಶಾಲೆಗಳು ಬರುತ್ತವೆ. ದಿನಕ್ಕೊಂದು ಶಾಲೆಯಂತೆ ಹೋದರೂ ಯಾವ ಮಗುವಿಗೂ ವಾರದಲ್ಲಿ ಒಂದು ದಿನಕ್ಕಿಂತ ಹೆಚ್ಚಿನ ನೆರವು ಸಿಗದು. ಕಾಗದದ ಮೇಲೆ ಅನುಪಾತ ಪೂರ್ಣವಾಗಿ ಪಾಲನೆಯಾಗಿದೆ. ಆದರೆ ಬ್ರೈಲ್ ಲಿಪಿಯನ್ನು ಆಗತಾನೆ ಕಲಿಯುತ್ತಿರುವ ಮಗುವಿಗೆ ದಿನನಿತ್ಯದ ಅಭ್ಯಾಸ ಬೇಕು. ವಾರಕ್ಕೊಮ್ಮೆ ಬಂದು ಹೋಗುವ ಶಿಕ್ಷಕನಿಂದ ಅದು ಸಾಧ್ಯವಾಗದು. ಕಾಲಿನ ಊನವುಳ್ಳ ಇನ್ನೊಂದು ಮಗುವಿಗೆ ಬೇಕಾಗಿರುವುದು ಇಳಿಜಾರು ದಾರಿ ಮತ್ತು ಬಳಸಲು ಬರುವ ಶೌಚಾಲಯವೇ ಹೊರತು ಪ್ರತ್ಯೇಕ ಬೋಧನೆಯಲ್ಲ. ತಲೆಲೆಕ್ಕದಲ್ಲಿ ಇವರಿಬ್ಬರೂ ಸಮಾನರು.

ಇದರೊಂದಿಗೆ ತಜ್ಞತೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ವಿಶೇಷ ಶಿಕ್ಷಕರ ತರಬೇತಿ ಬಹುಮಟ್ಟಿಗೆ ದೃಷ್ಟಿದೋಷ, ಶ್ರವಣದೋಷ, ಬೌದ್ಧಿಕ ನ್ಯೂನತೆ ಮುಂತಾಗಿ ವಿಭಾಗವಾರು ನಡೆದುಬಂದಿದೆ. ಶ್ರವಣದೋಷದ ಮಕ್ಕಳಿಗೆಂದು ತರಬೇತಾದವರನ್ನು ಬ್ರೈಲ್ ಕಲಿಸಲು ಕಳುಹಿಸಿದರೆ ಹುದ್ದೆ ಭರ್ತಿಯಾಗಬಹುದು, ಕಲಿಕೆ ಆಗಲಾರದು. ನಮ್ಮ ತಾಲ್ಲೂಕುಗಳಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ ಬಿ.ಐ.ಇ.ಆರ್.ಟಿ.ಗಳು ಶಾಲಾ ಭೇಟಿ, ವೈದ್ಯಕೀಯ ತಪಾಸಣಾ ಶಿಬಿರ, ಸಾಧನ ಸಲಕರಣೆಗಳ ವಿತರಣೆ, ಗೃಹಾಧಾರಿತ ಶಿಕ್ಷಣದ ಮೇಲ್ವಿಚಾರಣೆ ಎಲ್ಲವನ್ನೂ ನಿರ್ವಹಿಸಬೇಕಾಗಿರುವುದರಿಂದ ಬೋಧನೆಗೆ ಉಳಿಯುವ ಸಮಯ ಸಹಜವಾಗಿಯೇ ಕಿರಿದು. ಶರಾವತಿ ಹಿನ್ನೀರಿನ ಅಥವಾ ಜೋಯಿಡಾ ಕಡೆಯ ಒಂಟಿ ಶಾಲೆಗಳನ್ನು ಬೆಂಗಳೂರಿನ ಶಾಲೆಗಳೊಂದಿಗೆ ಒಂದೇ ಸೂತ್ರದಲ್ಲಿ ಅಳೆಯುವಾಗ ಪ್ರಯಾಣದ ಸಮಯ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಹತ್ತು ಮಕ್ಕಳೆಂದು ಎಣಿಸುವುದು ಯಾರನ್ನು? 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆ ಇಪ್ಪತ್ತೊಂದನ್ನು ಗುರುತಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿತು. ಆದರೆ 2018ರ ಜನವರಿಯ ಕೇಂದ್ರ ಮಾರ್ಗಸೂಚಿಯು ಈ ನ್ಯೂನತೆಗೆ ಎಂಟು ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ ನೀಡಬೇಕೆಂದು ವಿಧಿಸಿತು. ಪರೀಕ್ಷಾ ಸಾಧನವಾಗಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನು ಸೂಚಿಸಿತು. ವೈದ್ಯಕೀಯವಾಗಿ ಈ ಎಚ್ಚರ ಸರಿಯೇ. ಚಿಕ್ಕ ಮಕ್ಕಳಲ್ಲಿ ನಿಧಾನವಾಗಿ ಕಲಿಯುವುದಕ್ಕೂ ನ್ಯೂನತೆಗೂ ಇರುವ ಅಂತರ ಅಷ್ಟು ಸ್ಪಷ್ಟವಲ್ಲ. ಹಂಚಿಕೆಗೆ ಪ್ರಮಾಣಪತ್ರವನ್ನೇ ಆಧಾರವಾಗಿಸಿದರೆ ಮಾತ್ರ ಒಂದು ಮತ್ತು ಎರಡನೆಯ ತರಗತಿಯ ಮಗು, ಅಂದರೆ ಓದು ಬರಹ ಮೊದಲು ತೊಡಕಾಗುವ ವಯಸ್ಸಿನ ಮಗು, ಎಣಿಕೆಯಿಂದ ಹೊರಗುಳಿಯುತ್ತದೆ. ದಿನಗೂಲಿ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಪದೇ ಪದೇ ಅಲೆಯಲಾರದ ತಂದೆತಾಯಿಗಳ ಮಕ್ಕಳ ಸ್ಥಿತಿಯೂ ಇದೇ.

ಇಂತಹುದೇ ಇಕ್ಕಟ್ಟನ್ನು ಎದುರಿಸಿದ ಐರ್ಲೆಂಡಿನ ಅನುಭವ ಇಲ್ಲಿ ಗಮನಾರ್ಹ. ಅಲ್ಲಿ 2005ರಿಂದ ಸಾಮಾನ್ಯ ಕಲಿಕಾ ತೊಡಕುಗಳಿಗೆ ಶಾಲೆಯ ದಾಖಲಾತಿಯನ್ನು ನೋಡಿ ಶಿಕ್ಷಕರನ್ನು ಕೊಡಲಾಗುತ್ತಿತ್ತು. ತೀವ್ರ ಸ್ವರೂಪದ ನ್ಯೂನತೆಗಳಿಗಾದರೋ ತಜ್ಞರ ವರದಿಯ ಆಧಾರದಲ್ಲಿ ಪ್ರತಿ ಮಗುವಿಗೂ ವಾರಕ್ಕೆ ಇಷ್ಟು ಗಂಟೆಗಳೆಂದು ಮಂಜೂರಾಗುತ್ತಿತ್ತು. ವರದಿಗಾಗಿ ಕಾಯುವ ಸರದಿ ಬೆಳೆಯಿತು. ಖಾಸಗಿಯಾಗಿ ಹಣ ತೆರಬಲ್ಲವರಿಗೆ ವರದಿ ಬೇಗ ಸಿಕ್ಕಿತು. ಅಲ್ಲಿನ ವಿಶೇಷ ಶಿಕ್ಷಣ ಮಂಡಳಿಯ 2014ರ ಶಿಫಾರಸಿನ ಫಲವಾಗಿ 2017ರಿಂದ ಶಾಲೆಗೇ ಒಟ್ಟಾರೆ ಬೋಧನಾ ಸಮಯ ಕೊಡುವ ಪದ್ಧತಿ ಬಂದಿತು. ದಾಖಲಾತಿ, ಸಂಕೀರ್ಣ ಅಗತ್ಯವುಳ್ಳ ಮಕ್ಕಳ ಸಂಖ್ಯೆ, ಪರೀಕ್ಷಾ ಫಲಿತಾಂಶ, ಸಾಮಾಜಿಕ ಹಿನ್ನೆಲೆ ಮುಂತಾದವು ಅದರ ಅಂಶಗಳು. ಯಾವ ಮಗುವಿಗೆ ಎಷ್ಟು ನೆರವೆಂಬುದು ಶಾಲೆಯ ವಿವೇಚನೆಗೆ ಬಿಟ್ಟದ್ದು. ಈ ಪದ್ಧತಿಯೂ ನಿರ್ದೋಷವಲ್ಲ. ಶ್ರಮಪಟ್ಟು ಫಲಿತಾಂಶ ಸುಧಾರಿಸಿದ ಶಾಲೆಯು ಅದೇ ಕಾರಣಕ್ಕೆ ನೆರವನ್ನು ಕಳೆದುಕೊಳ್ಳಬಹುದು. 2024ರ ಪರಿಷ್ಕರಣೆಯಲ್ಲಿ ‘ಸಂಕೀರ್ಣ ಅಗತ್ಯ’ವೆಂಬ ಪ್ರತ್ಯೇಕ ಅಂಶವನ್ನು ಕೈಬಿಟ್ಟಾಗ ತೀವ್ರ ಆಕ್ಷೇಪಣೆಯೂ ಎದ್ದಿತು.

ಐರಿಷ್ ಸೂತ್ರವನ್ನು ಇಲ್ಲಿಗೆ ಹಾಗೆಯೇ ತರುವುದು ಅಸಾಧ್ಯ, ಅನಗತ್ಯವೂ ಹೌದು. ಆದರೆ ಹಂಚಿಕೆಯ ಘಟಕ ಮಗುವಿನ ತಲೆಯಾಗಬೇಕೇ, ಶಾಲೆಯ ಅಗತ್ಯವಾಗಬೇಕೇ ಎಂಬ ಅಲ್ಲಿಯ ಪ್ರಶ್ನೆ ನಮ್ಮದೂ ಆಗಿದೆ. ನಮ್ಮ ಸಣ್ಣ ಶಾಲೆಗಳ ಸ್ಥಿತಿಯಲ್ಲಿ ಕ್ಲಸ್ಟರನ್ನು ಘಟಕವಾಗಿಟ್ಟುಕೊಂಡು, ಹುದ್ದೆಗಳಿಗೆ ಬದಲಾಗಿ ವಾರದ ಬೋಧನಾ ಗಂಟೆಗಳನ್ನು ಎಣಿಸಿ, ಪ್ರಯಾಣದ ಸಮಯವನ್ನು ಅದರಿಂದ ಕಳೆದು ನೋಡುವುದು ಹೆಚ್ಚು ನ್ಯಾಯವೆಂದು ಪ್ರಸ್ತುತ ಲೇಖಕನ ಅಭಿಪ್ರಾಯ. ಪ್ರಮಾಣಪತ್ರವಿಲ್ಲದ ಎಳೆಯ ಮಕ್ಕಳಿಗೆಂದು ತರಗತಿ ಶಿಕ್ಷಕರ ಗುರುತಿಸುವಿಕೆಯ ಆಧಾರದಲ್ಲಿ ಒಂದಷ್ಟು ಗಂಟೆಗಳನ್ನು ಮೊದಲೇ ತೆಗೆದಿಡಬೇಕಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ 7ರ ಆದೇಶದಲ್ಲಿ ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಆ ಹುದ್ದೆಗಳ ಸಂಖ್ಯೆಯಷ್ಟೇ, ಅವನ್ನು ಯಾವ ಮಕ್ಕಳ ಪಟ್ಟಿಯಿಂದ ಲೆಕ್ಕ ಹಾಕಲಾಗುತ್ತದೆ ಎಂಬುದೂ ಪರಿಶೀಲನೆಗೆ ಅರ್ಹವಾಗಿದೆ.