ಕ್ಲೌನ್ ಮೀನು ಮತ್ತು ಕಡಲ ಹೂವು: ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಮಹಾನಗರಗಳಿಗೆ ಹೊಸದಲ್ಲ. 1951ರಲ್ಲಿ ಪ್ರಾರಂಭವಾದ ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯದಲ್ಲಿ ಕಡಲ ಮೀನುಗಳನ್ನು ಮೊದಲ ಬಾರಿಗೆ ಕಣ್ಣಾರೆ ಕಂಡ ಕನ್ನಡಿಗರೂ ಅನೇಕರಿದ್ದಾರೆ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಲನಚಿತ್ರದ ತರುವಾಯ ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟಿಗಳುಳ್ಳ ಕ್ಲೌನ್ ಮೀನು ಮಕ್ಕಳಿಗೆಲ್ಲ ಪರಿಚಿತವಾಯಿತು. ಈ ಮೀನಿನೊಡನೆ ಅದರ ಆಶ್ರಯವಾದ ಕಡಲ ಹೂವನ್ನೂ, ಅಂದರೆ ಅನಿಮೋನನ್ನೂ, ಮನೆಗೆ ತರಬೇಕೆಂಬ ಆಸೆ ಸಹಜವಾದುದು. ಆದರೆ ಇವೆರಡರ ಪಾಲನೆಯು ಸಮಾನವಾಗಿ ಸುಲಭವಲ್ಲ ಎಂಬುದನ್ನು ಮೊದಲೇ ಅರಿತಿರುವುದು ಒಳಿತು.

ಹೆಸರು ಹೂವಾದರೂ ಅನಿಮೋನ್ ಒಂದು ಪ್ರಾಣಿ. ಹವಳದ ಹತ್ತಿರದ ಬಂಧು. ಇದರ ಬೆರಳಿನಂಥ ಎಳೆಗಳಲ್ಲಿ ಅಸಂಖ್ಯಾತ ಚುಚ್ಚುಕೋಶಗಳಿದ್ದು, ತಗುಲಿದ ಸಣ್ಣ ಮೀನು ನಿಶ್ಚೇಷ್ಟಿತವಾಗುತ್ತದೆ. ಕ್ಲೌನ್ ಮೀನಿನ ಮೈಯನ್ನು ಆವರಿಸಿದ ಲೋಳೆಯು ಮಾತ್ರ ಈ ಕೋಶಗಳನ್ನು ಕೆರಳಿಸುವುದಿಲ್ಲ. ಮೀನಿಗೆ ಶತ್ರುಗಳಿಂದ ರಕ್ಷಣೆ ದೊರೆಯುತ್ತದೆ. ಪ್ರತಿಯಾಗಿ ಅದು ಎಳೆಗಳನ್ನು ಕಡಿಯಬರುವ ಇತರ ಮೀನುಗಳನ್ನು ಓಡಿಸುತ್ತದೆ. ಮೀನು ವಿಸರ್ಜಿಸುವ ಅಮೋನಿಯವು ಕಡಲ ಹೂವಿನ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿಯು ಬೆಳಕಿನಿಂದ ಆಹಾರವನ್ನು ತಯಾರಿಸಿ ತನ್ನ ಆಶ್ರಯದಾತನಿಗೂ ಉಣಿಸುತ್ತದೆ.

ತೊಟ್ಟಿಯಲ್ಲಿ ತೊಡಕು ಪ್ರಾರಂಭವಾಗುವುದು ಇಲ್ಲಿಯೇ. ಸಾಧಾರಣ ದೀಪದ ಬೆಳಕು ಆ ಪಾಚಿಗೆ ಸಾಲದು. ಬೆಳಕು ಕಡಿಮೆಯಾದರೆ ಅಥವಾ ನೀರು ಅತಿಯಾಗಿ ಬಿಸಿಯಾದರೆ ಕಡಲ ಹೂವು ಪಾಚಿಯನ್ನು ಕಳೆದುಕೊಂಡು ಬಿಳಿಚಿ ಕುಗ್ಗುತ್ತದೆ. ಅಂಗಡಿಯಲ್ಲಿ ಅಚ್ಚ ಬಿಳಿಯಾಗಿ ಕಾಣುವ ಕಡಲ ಹೂವು ಬಹುಪಾಲು ರೋಗಗ್ರಸ್ತವಾದುದೇ ಹೊರತು ಅಪೂರ್ವವಾದುದಲ್ಲ. ಜಾಗವು ಒಗ್ಗದಿದ್ದರೆ ಅದು ತೊಟ್ಟಿಯ ತಳದಲ್ಲಿ ತೆವಳಿ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುವುದೂ ಉಂಟು. ಸತ್ತ ಕಡಲ ಹೂವು ಬೇಗನೆ ಕೊಳೆತು, ತೊಟ್ಟಿಯ ನೀರನ್ನೆಲ್ಲ ಕೆಡಿಸಿ, ಉಳಿದ ಜೀವಿಗಳಿಗೂ ಮೃತ್ಯುವನ್ನು ತರಬಲ್ಲದು. ಸಮುದ್ರದಲ್ಲಿ ದಶಕಗಳ ಕಾಲ ಬಾಳಬಲ್ಲ ಈ ಜೀವಿಯು ಅನನುಭವಿಗಳ ಕೈಯಲ್ಲಿ ಕೆಲವೇ ತಿಂಗಳು ಉಳಿಯುವುದು ವಿಷಾದಕರ.

ಕ್ಲೌನ್ ಮೀನಿಗಾದರೋ ತೊಟ್ಟಿಯಲ್ಲಿ ಕಡಲ ಹೂವು ಅನಿವಾರ್ಯವಲ್ಲ. ಅಟ್ಟಿ ಬರುವ ಶತ್ರುವಿಲ್ಲದ ಕಡೆ ಅದು ಮಣ್ಣಿನ ಕುಂಡದ ಚೂರನ್ನೇ ಮನೆಯಾಗಿಸಿಕೊಂಡು, ಅದರ ಮೇಲೆಯೇ ಮೊಟ್ಟೆಯಿಡುತ್ತದೆ. ಈ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಅದು ಸತ್ತರೆ ಜೊತೆಯ ಗಂಡು ಹೆಣ್ಣಾಗಿ ಮಾರ್ಪಡುತ್ತದೆ. ಆದುದರಿಂದ ಗಾತ್ರದಲ್ಲಿ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಅವು ಸಾಮಾನ್ಯವಾಗಿ ಜೋಡಿಯಾಗುತ್ತವೆ. ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುತ್ತ ಕಾಯುವ ಕೆಲಸವು ಮುಖ್ಯವಾಗಿ ಗಂಡಿನದು.

ತೊಟ್ಟಿಯು 100 ಲೀಟರಿಗೆ ಕಡಿಮೆಯಿರದಿದ್ದರೆ ಮೀನಿನ ಜೋಡಿಗೆ ಅನುಕೂಲ. ಕಡಲ ಹೂವಿಗೆ 200 ಲೀಟರಾದರೂ ಬೇಕು. 200 ಲೀಟರ್ ತೊಟ್ಟಿಯ ನೀರಿನ ಭಾರವೊಂದೇ 200 ಕಿಲೋಗ್ರಾಂ ಮೀರುವುದರಿಂದ ಪೀಠವು ಭದ್ರವಾಗಿರಬೇಕು. ಮಹಾನಗರದ ದಡದ ಕಲುಷಿತ ನೀರನ್ನು ತುಂಬಿ ತರುವುದು ಬೇಡ. ಅಡುಗೆಯ ಉಪ್ಪೂ ಸಲ್ಲದು. ಮತ್ಸ್ಯಾಲಯಗಳಿಗೆಂದು ತಯಾರಿಸಿದ ಸಮುದ್ರಲವಣವನ್ನು ಲೀಟರಿಗೆ ಸುಮಾರು 35 ಗ್ರಾಂ ಪ್ರಮಾಣದಲ್ಲಿ, ಕ್ಲೋರಿನ್ ಇಲ್ಲದ ಶುದ್ಧ ನೀರಿನಲ್ಲಿ ಕರಗಿಸಬೇಕು. ನೀರು ಆವಿಯಾಗುವಾಗ ಉಪ್ಪು ಉಳಿಯುತ್ತದೆಯಾದ್ದರಿಂದ, ತಗ್ಗಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬತಕ್ಕದ್ದು. ತ್ಯಾಜ್ಯವನ್ನು ನಿರ್ವಿಷಗೊಳಿಸುವ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಶೂನ್ಯಕ್ಕೆ ಇಳಿದ ಮೇಲೆಯೇ ಮೀನು ಬಿಡಬೇಕು. ಕಡಲ ಹೂವಿಗಾದರೆ ಆರು ತಿಂಗಳಾದರೂ ಕಾಯುವುದು ಕ್ಷೇಮ. ಉಷ್ಣತೆಯು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಇದಕ್ಕೆ ನೀರು ತಂಪುಮಾಡುವ ಯಂತ್ರವೇ ಬೇಕಾಗುತ್ತದೆ. ಕೊಳ್ಳುವ ಮುನ್ನ ಅದರ ಬೆಲೆಯನ್ನೂ ವಿದ್ಯುತ್ ಬಿಲ್ಲನ್ನೂ ಲೆಕ್ಕ ಹಾಕಬೇಕು. ವಿದ್ಯುತ್ ಕಡಿತದ ವೇಳೆಗೆ ಬ್ಯಾಟರಿಯ ಗಾಳಿಪಂಪು ಸಿದ್ಧವಿರಲಿ.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಧೀನದಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಮರಿಗಳನ್ನು ಕೃತಕವಾಗಿ ಬೆಳೆಸುವ ತಂತ್ರವನ್ನು ಸಿದ್ಧಪಡಿಸಿದೆ. ಹೀಗೆ ಮರಿಕೇಂದ್ರದಲ್ಲಿ ಹುಟ್ಟಿದ ಮೀನು ತೊಟ್ಟಿಯ ಬಾಳಿಗೂ ಒಣ ಆಹಾರಕ್ಕೂ ಹೊಂದಿಕೊಂಡಿರುತ್ತದೆ. ಕೊಳ್ಳುವವರು ಅದನ್ನೇ ಕೇಳಿ ಪಡೆಯಬೇಕು. ಕಡಲ ಹೂವುಗಳನ್ನಾದರೋ ಬಹುಮಟ್ಟಿಗೆ ಹವಳದ ದಿಬ್ಬಗಳಿಂದಲೇ ಕಿತ್ತು ತರಲಾಗುತ್ತದೆ. ಒಂದನ್ನು ಕಿತ್ತರೆ ಅಲ್ಲಿನ ಮೀನಿನ ಸಂಸಾರವೂ ನಿರಾಶ್ರಿತವಾಗುತ್ತದೆ. ಪಳಗಿದವರು ತಮ್ಮ ತೊಟ್ಟಿಯಲ್ಲಿ ತಾನಾಗಿ ಇಬ್ಭಾಗವಾದ ‘ಬಬಲ್ ಟಿಪ್’ ಜಾತಿಯದನ್ನು ಹಂಚಿಕೊಳ್ಳುವುದುಂಟು. ಬೇಕೇಬೇಕೆನ್ನುವವರು ಅದಕ್ಕಾಗಿ ಕಾಯಲಿ. ಅಲಂಕಾರಕ್ಕೆಂದು ಹವಳದ ಕಲ್ಲನ್ನಂತೂ ತರಕೂಡದು. 2001ರಲ್ಲಿ ಕಲ್ಲುಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಗೆ ಸೇರಿಸಲಾಯಿತು; ಅವನ್ನು ಸಂಗ್ರಹಿಸುವುದೂ ಮಾರುವುದೂ ದಂಡನೀಯ ಅಪರಾಧ. ಸುಟ್ಟ ಮಣ್ಣಿನ ಕುಂಡವೇ ಸಾಕು.