ಸಿಂಕ್ಲೇರ್ ಮನೆಯ ಹೊರಗಿನವರು: ‘ಡೈನೊಸಾರ್ಸ್’ ಧಾರಾವಾಹಿಯ ಪೋಷಕ ಪಾತ್ರಗಳು

ಡೈನೊಸಾರ್‌ಗಳ ಒಂದು ಸಂಸಾರವನ್ನು ನಡುವೆ ನಿಲ್ಲಿಸಿ, ಬೊಂಬೆಗಳಿಂದಲೇ ಆಡಿಸಿದ ಹಾಸ್ಯ ಧಾರಾವಾಹಿ ‘ಡೈನೊಸಾರ್ಸ್’. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1991ರ ಏಪ್ರಿಲ್ 26ರಂದು ಆರಂಭವಾದ ಇದು 1994ರ ಜುಲೈವರೆಗೆ ಅಲ್ಲಿ ಪ್ರಸಾರವಾಯಿತು. ಆ ವಾಹಿನಿಯಲ್ಲಿ ಬಾರದೆ ಉಳಿದಿದ್ದ ಏಳು ಕಂತುಗಳು ಬೇರೆ ವಾಹಿನಿಗಳಲ್ಲಿ ತೆರೆಕಂಡವು. ಒಟ್ಟು ಕಂತುಗಳು 65. ‘ಮಪೆಟ್’ ಬೊಂಬೆಗಳಿಂದ ಜಗತ್ತಿಗೆ ಪರಿಚಿತನಾದ ಜಿಮ್ ಹೆನ್ಸನ್‌ನ ತಲೆಯಲ್ಲಿ 1980ರ ದಶಕದ ಕೊನೆಗೆ ಮೂಡಿದ ಕಲ್ಪನೆಯಿದು. ಅದು ಕೈಗೂಡುವ ಮೊದಲೇ, 1990ರ ಮೇ ತಿಂಗಳಲ್ಲಿ ಆತ ತೀರಿಕೊಂಡ. ಮುಂದೆ ಮಗ ಬ್ರಯಾನ್ ಹೆನ್ಸನ್‌ನ ಮುಂದಾಳತ್ವದಲ್ಲಿ ಹೆನ್ಸನ್ ಸಂಸ್ಥೆಯೂ ಡಿಸ್ನಿಯೂ ಕೂಡಿ ಅದನ್ನು ನಿರ್ಮಿಸಿದವು. ಕಥೆಗೆ ರೂಪ ಕೊಟ್ಟವರು ಮೈಕಲ್ ಜೇಕಬ್ಸ್ ಮತ್ತು ಬಾಬ್ ಯಂಗ್.

ಕಥೆ ನಡೆಯುವುದು ಕ್ರಿಸ್ತಪೂರ್ವ 6,00,00,003ರಲ್ಲಿ, ಪಾಂಜಿಯಾ ಎಂಬ ಭೂಖಂಡದಲ್ಲಿ. ವಿಜ್ಞಾನದ ಲೆಕ್ಕಕ್ಕೆ ಇದು ಕೂಡುವುದಿಲ್ಲ. ಡೈನೊಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಪಾಂಜಿಯಾ ಒಡೆಯತೊಡಗಿದ್ದು ಅದಕ್ಕೂ ಬಹಳ ಹಿಂದೆ. ಆದರೆ ಇಲ್ಲಿ ಡೈನೊಸಾರ್‌ಗಳು ಕೇವಲ ವೇಷ. ಅದರೊಳಗೆ ಇರುವುದು ಇಪ್ಪತ್ತನೆಯ ಶತಮಾನದ ಅಮೆರಿಕದ ಮಧ್ಯಮ ವರ್ಗ. ಮರ ಉರುಳಿಸುವ ಕೆಲಸದ ಅರ್ಲ್ ಸಿಂಕ್ಲೇರ್, ಹೆಂಡತಿ ಫ್ರ್ಯಾನ್, ಪ್ರಶ್ನೆ ಕೇಳುವ ವಯಸ್ಸಿನ ಮಗ ರಾಬಿ, ಉಡುಗೆ ತೊಡುಗೆಯ ಹುಚ್ಚಿನ ಮಗಳು ಶಾರ್ಲೀನ್, ಅಪ್ಪನ ತಲೆಗೆ ಬಾಣಲೆಯಿಂದ ಬಡಿಯುವ ಕೈಗೂಸು: ಕುಟುಂಬ ಇಷ್ಟೇ. ಇವರು ಹೆಚ್ಚುಕಡಿಮೆ ಯಾವ ಹಾಸ್ಯ ಧಾರಾವಾಹಿಯಲ್ಲಾದರೂ ಸಿಗುವ ಮಂದಿ. ಧಾರಾವಾಹಿಯ ವಿಡಂಬನೆಗೆ ಮೊನಚು ತರುವವರು ಮನೆಯ ಹೊರಗಿನಿಂದ ಬರುವ ಪೋಷಕ ಪಾತ್ರಗಳು. ಕಂಪನಿ, ಸಂಪ್ರದಾಯ, ನೆರೆಹೊರೆ, ಟಿ.ವಿ. ಹೀಗೆ ಸಮಾಜದ ಒಂದೊಂದು ಶಕ್ತಿಯೂ ಒಂದೊಂದು ಪಾತ್ರವಾಗಿ ಈ ಮನೆಗೆ ಕಾಲಿಡುತ್ತದೆ.

ಮೊದಲನೆಯವನು ಬಿ.ಪಿ. ರಿಚ್‌ಫೀಲ್ಡ್. ‘ವೀಸೇಸೋ’ ಎಂಬ ದೈತ್ಯ ಕಂಪನಿಯಲ್ಲಿ ಅರ್ಲ್‌ನ ಮೇಲಧಿಕಾರಿ. ನಾವು ಹೇಳಿದ ಮೇಲೆ ಮುಗಿಯಿತು ಎಂಬ ದರ್ಪ ಕಂಪನಿಯ ಹೆಸರಿನಲ್ಲೇ ಇದೆ. ಕೊಂಬುಗಳ ಟ್ರೈಸೆರಾಟಾಪ್ಸ್ ಆಗಿರುವ ಈತ ಮೇಜಿನ ಹಿಂದೆ ಕೂತು ಅರಚುತ್ತಾನೆ, ಹೆದರಿಸುತ್ತಾನೆ, ಕೆಲಸದಿಂದ ತೆಗೆಯುತ್ತಾನೆ. ಲಾಭ ಬಿಟ್ಟು ಬೇರೆ ಭಾಷೆ ಅವನಿಗೆ ತಿಳಿಯದು. ಸಂಘಟನೆ, ಸಂಬಳ, ಸುರಕ್ಷತೆ, ಪರಿಸರ, ಏನೇ ಮಾತು ಬಂದರೂ ಅದು ನಿಲ್ಲುವುದು ಅವನ ಕೊಠಡಿಯ ಬಾಗಿಲಲ್ಲಿ. ಧ್ವನಿ ಕೊಟ್ಟವನು ‘ದಿ ಜೆಫರ್ಸನ್ಸ್’ ಧಾರಾವಾಹಿಯಿಂದ ಹೆಸರಾಗಿದ್ದ ನಟ ಶೆರ್ಮನ್ ಹೆಮ್ಸ್ಲಿ. ಅಲ್ಲಿ ಅವನದು ಗತ್ತಿನ ವ್ಯಾಪಾರಿಯ ಪಾತ್ರ. ಅದೇ ಗತ್ತು ಇಲ್ಲಿ ಕರುಣೆಯಿಲ್ಲದ ಧಣಿಯ ಗಂಟಲಿಗೆ ಇಳಿದಿದೆ.

ಹೆಸರುಗಳ ಆಯ್ಕೆಯಲ್ಲೂ ಒಂದು ಚುಚ್ಚುಮಾತಿದೆ. ಸಿಂಕ್ಲೇರ್, ರಿಚ್‌ಫೀಲ್ಡ್, ಮುಂದೆ ಬರುವ ಗೆಳೆಯ ರಾಯ್ ಹೆಸ್, ಅತ್ತೆ ಎಥಿಲ್ ಫಿಲಿಪ್ಸ್: ಈ ಮನೆತನದ ಹೆಸರುಗಳೆಲ್ಲ ತೈಲ ಕಂಪನಿಗಳನ್ನು ನೆನಪಿಸುತ್ತವೆ. ಎಥಿಲ್ ಎಂಬುದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ರಾಸಾಯನಿಕದ ವ್ಯಾಪಾರಿ ಹೆಸರು. ಸಿಂಕ್ಲೇರ್ ತೈಲ ಕಂಪನಿಯ ಗುರುತಂತೂ ಹಸಿರು ಡೈನೊಸಾರ್. ಪೆಟ್ರೋಲು ಡೈನೊಸಾರ್‌ಗಳಿಂದ ಆದದ್ದೆಂಬುದು ಜನಪ್ರಿಯ ನಂಬಿಕೆ. ನಿಜವಾಗಿ ಅದರ ಬಹುಪಾಲು ಸಮುದ್ರದ ಸೂಕ್ಷ್ಮಜೀವಿಗಳಿಂದ ಆದದ್ದು. ಆ ನಂಬಿಕೆಯನ್ನೇ ತಿರುಗಿಸಿ, ಪೆಟ್ರೋಲಿನ ಹೆಸರುಗಳನ್ನು ಡೈನೊಸಾರ್‌ಗಳಿಗೆ ಇಟ್ಟಿದ್ದಾರೆ.

ರಾಯ್ ಹೆಸ್ ಅರ್ಲ್‌ನ ಜೀವದ ಗೆಳೆಯ, ಜೊತೆ ಕೆಲಸಗಾರ. ಜಾತಿಯಲ್ಲಿ ಟಿರನೊಸಾರಸ್ ರೆಕ್ಸ್. ಹೆಸರು ಕೇಳಿದರೆ ನಡುಗಬೇಕಾದ ಪ್ರಾಣಿ ಇಲ್ಲಿ ಮಂದಬುದ್ಧಿಯ, ಮೆದು ಮನಸ್ಸಿನ ಒಂಟಿ ಗಂಡಸು. ಧ್ವನಿ ಸ್ಯಾಮ್ ಮೆಕ್‌ಮರ್ರಿಯದು. ಅರ್ಲ್ ಏನು ಹೇಳಿದರೂ ರಾಯ್ ಹೂಂಗುಡುತ್ತಾನೆ. ಹೀಗಾಗಿ ಅರ್ಲ್‌ನ ಹುಚ್ಚು ಯೋಜನೆಗಳಿಗೆ ತಡೆಯೇ ಇರುವುದಿಲ್ಲ. ಬಡಾಯಿ ಕೊಚ್ಚುವ ಗಂಡ, ಅವನ ಹಿಂದೆ ಸುತ್ತುವ ಭೋಳೆ ಗೆಳೆಯ, ಇಬ್ಬರಿಗಿಂತ ಬುದ್ಧಿವಂತೆಯಾದ ಹೆಂಡತಿ: 1950ರ ದಶಕದ ‘ದಿ ಹನಿಮೂನರ್ಸ್’ ಕಾಲದಿಂದ ಅಮೆರಿಕದ ಟಿ.ವಿ. ಬಳಸುತ್ತ ಬಂದ ಜೋಡಣೆಯಿದು. ‘ದಿ ಫ್ಲಿಂಟ್‌ಸ್ಟೋನ್ಸ್’ ಅದನ್ನು ಶಿಲಾಯುಗಕ್ಕೆ ಒಯ್ದಿತ್ತು; ‘ಡೈನೊಸಾರ್ಸ್’ ಇನ್ನೂ ಹಿಂದಕ್ಕೆ ಒಯ್ದಿತು.

ಸಂಪ್ರದಾಯದ ಪ್ರತಿನಿಧಿ ಎಥಿಲ್ ಫಿಲಿಪ್ಸ್, ಫ್ರ್ಯಾನ್‌ಳ ತಾಯಿ. ಗಾಲಿಕುರ್ಚಿಯಲ್ಲಿ ಕೂತ, ಹರಿತ ನಾಲಗೆಯ ಮುದುಕಿ. ಧ್ವನಿ ನೀಡಿದವಳು ಫ್ಲಾರೆನ್ಸ್ ಸ್ಟ್ಯಾನ್ಲಿ. ಈಕೆ ಕಥೆಗೆ ಬರುವ ಸಂದರ್ಭವೇ ವಿಲಕ್ಷಣ. ಪಾಂಜಿಯಾದ ಪದ್ಧತಿಯಂತೆ, ಎಪ್ಪತ್ತೆರಡು ತುಂಬಿದ ಹಿರಿಯರನ್ನು ಬೆಟ್ಟದ ಮೇಲಿಂದ ಟಾರ್ ಹೊಂಡಕ್ಕೆ ಎಸೆಯಬೇಕು. ಅತ್ತೆಯನ್ನು ಎಸೆಯುವ ಭಾಗ್ಯ ಅಳಿಯನದು. ಅರ್ಲ್ ಆ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದಾನೆ. ಎಥಿಲ್‌ಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಯಾಕೆ ಎಸೆಯಬೇಕು ಎಂದು ಕೇಳುವವನು ಮೊಮ್ಮಗ ರಾಬಿ ಒಬ್ಬನೇ. ಕೊನೆಗೆ ಪದ್ಧತಿ ಮುರಿಯುತ್ತದೆ, ಅತ್ತೆ ಅಳಿಯನ ಮನೆಗೇ ಬಂದು ನೆಲೆಸುತ್ತಾಳೆ. ಅತ್ತೆ–ಅಳಿಯನ ಜಗಳ ಹಾಸ್ಯಕ್ಕೆ ಹಳೆಯ ಸರಕು. ಇಲ್ಲಿ ಅದು ಕೆಲಸಕ್ಕೆ ಬಾರದವರೆಂದು ಮುದುಕರನ್ನು ದೂರ ಮಾಡುವ ಸಮಾಜದ ಮೇಲಿನ ಟೀಕೆಯಾಗಿದೆ. ಇನ್ನೊಂದು ಕಂತಿನಲ್ಲಿ ಸತ್ತು ಬದುಕಿ ಬಂದ ಎಥಿಲ್‌ಳ ಅನುಭವವನ್ನು ಟಿ.ವಿ. ಧರ್ಮಪ್ರಚಾರಕನೊಬ್ಬ ಹಣ ಎತ್ತಲು ಬಳಸುತ್ತಾನೆ.

ಪೋಷಕ ಪಾತ್ರಗಳಲ್ಲಿ ಹೆಚ್ಚು ಭಾರ ಹೊತ್ತವಳು ಪಕ್ಕದ ಮನೆಯ ಮೋನಿಕಾ ಡಿವರ್ಟಿಬ್ರೆ. ಉದ್ದ ಕುತ್ತಿಗೆಯ ಬ್ರಾಂಟೊಸಾರಸ್, ವಿಚ್ಛೇದಿತೆ, ಫ್ರ್ಯಾನ್‌ಳ ಆಪ್ತ ಗೆಳತಿ. ಧ್ವನಿ ಸೂಜಿ ಪ್ಲ್ಯಾಕ್ಸನ್‌ಳದು. ದೇಹ ಮನೆಯೊಳಗೆ ಹಿಡಿಸದು, ಆದ್ದರಿಂದ ಆಕೆ ಸಾಮಾನ್ಯವಾಗಿ ಕಿಟಕಿಯಿಂದ ತಲೆ ತೂರಿಸಿಯೇ ಮಾತನಾಡುತ್ತಾಳೆ. ಬೊಂಬೆಯ ಅನುಕೂಲಕ್ಕೂ ಇದು ಒಗ್ಗಿತು: ತಲೆ, ಕುತ್ತಿಗೆ ಇದ್ದರೆ ಸಾಕಾಗುತ್ತಿತ್ತು. ಸಿಂಕ್ಲೇರ್ ಕುಟುಂಬದವರು ಎರಡು ಕಾಲಿನವರು, ಮೋನಿಕಾ ನಾಲ್ಕು ಕಾಲಿನವಳು. ಈ ಭೇದವನ್ನೇ ಲೇಖಕರು ಜನಾಂಗ ದ್ವೇಷದ ರೂಪಕವಾಗಿಸಿಕೊಂಡರು. 1991ರ ಕೊಲ್ಲಿ ಯುದ್ಧವನ್ನು ಅಣಕಿಸುವ ಕಂತುಗಳಲ್ಲಿ ಎರಡು ಕಾಲಿನವರಿಗೂ ನಾಲ್ಕು ಕಾಲಿನವರಿಗೂ ಪಿಸ್ತಾಕ್ಕಾಗಿ ಯುದ್ಧ ನಡೆಯುತ್ತದೆ. ಮತ್ತೊಂದರಲ್ಲಿ ಆರ್ಥಿಕ ಕುಸಿತಕ್ಕೆ ನಾಲ್ಕು ಕಾಲಿನವರೇ ಕಾರಣವೆಂದು ಅವರನ್ನು ಹೊರಗಟ್ಟುವ ಆಜ್ಞೆ ಹೊರಡುತ್ತದೆ. ಮೋನಿಕಾಳನ್ನು ಉಳಿಸಲು ರಾಯ್ ಆಕೆಯನ್ನು ಮದುವೆಯಾಗಬೇಕಾಗುತ್ತದೆ. ಆಕೆ ವೀಸೇಸೋದಲ್ಲಿ ಕೆಲಸಕ್ಕೆ ಸೇರಿ ಲೈಂಗಿಕ ಕಿರುಕುಳ ಎದುರಿಸುವ ಕಂತು, 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಕ್ಲಾರೆನ್ಸ್ ಥಾಮಸ್‌ನ ನೇಮಕದ ಸಂದರ್ಭದಲ್ಲಿ, ಆತನಿಂದ ಇಂಥದೇ ಕಿರುಕುಳವಾಯಿತೆಂದು ಅನಿತಾ ಹಿಲ್ ನೀಡಿದ ಸಾಕ್ಷ್ಯದ ಬೆನ್ನಿಗೇ ಬಂದದ್ದು. ಮಕ್ಕಳೂ ಕೂತು ನೋಡುವ ಬೊಂಬೆ ಧಾರಾವಾಹಿಯಲ್ಲಿ ಈ ವಿಷಯ ಎತ್ತಲು ಸಾಧ್ಯವಾದದ್ದು ಮೋನಿಕಾಳಂಥ ಪಾತ್ರವಿದ್ದುದರಿಂದ.

ರಾಬಿಯ ಗೆಳೆಯ ಸ್ಪೈಕ್ ಬೀದಿಯ ಪುಂಡ, ಆದರೆ ಕೆಟ್ಟವನಲ್ಲ. ಧ್ವನಿ ಮುಂದೆ ಪೊಲೀಸ್ ಧಾರಾವಾಹಿಯಿಂದ ಪ್ರಸಿದ್ಧನಾದ ಕ್ರಿಸ್ಟೊಫರ್ ಮೆಲೊನಿಯದು. ತಿಂದರೆ ಎಲ್ಲವೂ ಸುಖವೆನಿಸುವ ಗಿಡವೊಂದು ಈ ಹುಡುಗರ ಕೈಗೆ ಸಿಗುವ ಕಂತು ಮಾದಕ ವಸ್ತುಗಳ ಕುರಿತದ್ದು.

ಇನ್ನೊಂದು ಗುಂಪು ಸಿಂಕ್ಲೇರ್ ಮನೆಯ ಟಿ.ವಿ.ಯೊಳಗೇ ವಾಸಿಸುತ್ತದೆ. ಸುದ್ದಿ ಓದುವ ಹಾವರ್ಡ್ ಹ್ಯಾಂಡಪ್ಮಿ ಯಾವ ಅನಾಹುತವನ್ನೂ ಒಂದೇ ಗಂಭೀರ ಸ್ವರದಲ್ಲಿ ಹೇಳಬಲ್ಲ. ಹೆಸರು ಕೈಬೊಂಬೆಯ ಕುರಿತ ತಮಾಷೆ. ಒಳಗೆ ಕೈ ತೂರಿಸಿಕೊಂಡವನು ಎಂದರ್ಥ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮಿಸ್ಟರ್ ಲಿಝರ್ಡ್, ನಿಜವಾದ ‘ಮಿಸ್ಟರ್ ವಿಝರ್ಡ್’ ಕಾರ್ಯಕ್ರಮದ ಅಣಕ. ಪ್ರಯೋಗದಲ್ಲಿ ನೆರವಾಗುವ ಟಿಮ್ಮಿ ಎಂಬ ಹುಡುಗ ಪ್ರತಿ ಸಲವೂ ಬಲಿಯಾಗುತ್ತಾನೆ, ಲಿಝರ್ಡ್ ತಣ್ಣಗೆ ಇನ್ನೊಬ್ಬ ಟಿಮ್ಮಿಯನ್ನು ತರಿಸುತ್ತಾನೆ. ಜಾರ್ಜಿ ಎಂಬ ಕಿತ್ತಳೆ ಬಣ್ಣದ ನೀರಾನೆ, ಆ ಕಾಲದಲ್ಲಿ ಮಕ್ಕಳನ್ನು ಮರುಳು ಮಾಡಿದ್ದ ಬಾರ್ನಿ ಎಂಬ ಡೈನೊಸಾರ್‌ನ ಗೇಲಿ. ಫ್ರಿಜ್ಜಿನೊಳಗೂ ಪಾತ್ರಗಳಿವೆ: ಊಟವಾಗಲು ಕಾದಿರುವ ಪುಟ್ಟ ಪ್ರಾಣಿಗಳು ಬಾಗಿಲು ತೆರೆದಾಗಲೆಲ್ಲ ಹರಟುತ್ತವೆ.

ಇಷ್ಟೊಂದು ಪಾತ್ರಗಳನ್ನು ತೆರೆಗೆ ತರುವುದು ದುಬಾರಿ ಕೆಲಸ. ಮುಖ್ಯ ಪಾತ್ರ ಒಂದಕ್ಕೆ ಮೂವರು ಬೇಕಾಗುತ್ತಿದ್ದರು. ಭಾರದ ವೇಷದೊಳಗೆ ನಿಂತು ಮೈ ಆಡಿಸುವವನು ಒಬ್ಬ. ದೂರದಲ್ಲಿ ಕೂತು ರೇಡಿಯೊ ನಿಯಂತ್ರಣದಿಂದ ಕಣ್ಣು, ಹುಬ್ಬು, ತುಟಿ ಆಡಿಸುವವನು ಇನ್ನೊಬ್ಬ. ಧ್ವನಿ ಕೊಡುವವನು ಮತ್ತೊಬ್ಬ. ಅರ್ಲ್‌ಗೆ ಧ್ವನಿ ಕೊಟ್ಟವನು ಸ್ಟುವರ್ಟ್ ಪ್ಯಾಂಕಿನ್, ವೇಷದೊಳಗಿದ್ದವನು ಬಿಲ್ ಬರೆಟ್ಟಾ. ಗುಂಪಿನಲ್ಲಿ ಬಂದುಹೋಗುವ ಪಾತ್ರಗಳಿಗೆ ಹೆನ್ಸನ್ ತಂಡ ಸುಲಭ ದಾರಿ ಕಂಡುಕೊಂಡಿತ್ತು: ಕಣ್ಣು, ಕೊಂಬು, ಬಟ್ಟೆ ಬದಲಿಸಿದರೆ ಬೇರೆಯವನಾಗಿ ಕಾಣುವ ‘ಯೂನಿಸಾರ್’ ಎಂಬ ಸಾಮಾನ್ಯ ಬೊಂಬೆಗಳನ್ನು ಮಾಡಿಕೊಂಡಿತ್ತು. ನ್ಯಾಯಾಧೀಶ, ಮಾರಾಟಗಾರ, ಪೊಲೀಸು ಎಲ್ಲರೂ ಇಂಥ ಕೆಲವೇ ಮೈಗಳಿಂದ ಹುಟ್ಟುತ್ತಿದ್ದರು.

1994ರ ಜುಲೈ 20ರಂದು ಎಬಿಸಿಯಲ್ಲಿ ಪ್ರಸಾರವಾದ ಸಮಾಪ್ತಿ ಕಂತು ‘ಚೇಂಜಿಂಗ್ ನೇಚರ್’ನಲ್ಲಿ ಈ ಪೋಷಕ ಪಾತ್ರಗಳ ಲೆಕ್ಕವೆಲ್ಲ ಚುಕ್ತಾ ಆಗುತ್ತದೆ. ವೀಸೇಸೋ ಕಂಪನಿ ಮೇಣದ ಹಣ್ಣಿನ ಕಾರ್ಖಾನೆ ಕಟ್ಟಿದ್ದು ದುಂಬಿಗಳು ಸಂತಾನ ಬೆಳೆಸುವ ಜೌಗಿನ ಮೇಲೆ. ದುಂಬಿ ಅಳಿದಾಗ ಅವು ತಿನ್ನುತ್ತಿದ್ದ ಬಳ್ಳಿ ಎಲ್ಲೆಡೆ ಹಬ್ಬುತ್ತದೆ. ಬಳ್ಳಿಗೆಂದು ಸಿಂಪಡಿಸಿದ ವಿಷ ಭೂಮಿಯ ಹಸಿರನ್ನೆಲ್ಲ ಕೊಲ್ಲುತ್ತದೆ. ಮಳೆ ತರಿಸಲು ಜ್ವಾಲಾಮುಖಿಗಳಿಗೆ ಬಾಂಬು ಹಾಕಿದಾಗ ಕವಿದ ಮೋಡ ಸೂರ್ಯನನ್ನೇ ಮುಚ್ಚಿ ಹಿಮಯುಗ ತರುತ್ತದೆ. ಪ್ರತಿ ಹೆಜ್ಜೆಯಲ್ಲೂ ಅರ್ಲ್ ಕಂಪನಿ ಹೇಳಿದ್ದನ್ನು ಮಾಡುತ್ತ ಹೋಗುತ್ತಾನೆ. ಜಗತ್ತು ಹೆಪ್ಪುಗಟ್ಟುತ್ತಿದ್ದರೂ ರಿಚ್‌ಫೀಲ್ಡ್ ಕಂಬಳಿ, ಹೀಟರುಗಳ ಮಾರಾಟ ಏರಿದ್ದಕ್ಕೆ ಸಂಭ್ರಮಿಸುತ್ತಾನೆ. ಹಾವರ್ಡ್ ತನ್ನ ಕೊನೆಯ ಹವಾಮಾನ ವರದಿ ಓದಿ ವೀಕ್ಷಕರಿಗೆ ವಿದಾಯ ಹೇಳುತ್ತಾನೆ.

ಹಾಸ್ಯ ಧಾರಾವಾಹಿಯೊಂದು ತನ್ನ ಎಲ್ಲ ಪಾತ್ರಗಳನ್ನೂ ಅಳಿವಿನ ಅಂಚಿಗೆ ತಂದು ನಿಲ್ಲಿಸಿ ಮುಗಿದದ್ದು ಅಪರೂಪ. ಕೈಗೂಸಿನ ತುಂಟತನ ಇದನ್ನು ಜನಪ್ರಿಯಗೊಳಿಸಿತು. ಮೂರು ದಶಕ ಕಳೆದರೂ ಇದು ಚರ್ಚೆಯಲ್ಲಿ ಉಳಿದಿದ್ದರೆ ಅದರ ಶ್ರೇಯ ರಿಚ್‌ಫೀಲ್ಡ್, ಮೋನಿಕಾ, ಎಥಿಲ್, ಹಾವರ್ಡ್ ಇಂಥವರಿಗೇ ಹೆಚ್ಚಾಗಿ ಸಲ್ಲಬೇಕು.